ಏರೋಪ್ಲೇನ್ ಚಿಟ್ಟೆಗೆ ಹೆಸರು ಹುಡುಕುವಾಗ ಬಣ್ಣ ಕೊನೆಗೆ

ತುಮಕೂರಿನ ಕಡೆ ಮಕ್ಕಳಿಗೆ ಡ್ರ್ಯಾಗನ್‌ಫ್ಲೈ, ಡ್ಯಾಮ್ಸೆಲ್‌ಫ್ಲೈ ಎರಡೂ ಏರೋಪ್ಲೇನ್ ಚಿಟ್ಟೆಯೇ. ಜೇಬಿನ ಕೈಪಿಡಿ ಹಿಡಿದ ಹೊಸಬರು ಮಾಡುವ ತಪ್ಪೂ ಒಂದೇ: ಕೆಂಪು ಕಂಡರೆ ಕೆಂಪು ಚಿತ್ರ ಹುಡುಕುವುದು, ನೀಲಿ ಕಂಡರೆ ನೀಲಿ. ಪುಸ್ತಕದ ಚಿತ್ರ ಹೆಚ್ಚಾಗಿ ಬಲಿತ ಗಂಡಿನದು. ಹೆಣ್ಣು ಮತ್ತು ಈಗಷ್ಟೇ ಪೊರೆ ಕಳಚಿದ ಎಳೆಯ ಗಂಡು ಎಷ್ಟೋ ಜಾತಿಗಳಲ್ಲಿ ಮಾಸಲು ಹಳದಿ. ನೆಲದ ಮೇಲೇ ಕೂರುವ ಡಿಪ್ಲಾಕೋಡಿಸ್ ಟ್ರಿವಿಯಾಲಿಸ್‌ನ ಗಂಡು ಎಳೆಯದಿರುವಾಗ ಹಸಿರು ಹಳದಿಯ ಮೇಲೆ ಕಪ್ಪು ಗೀರು. ಬಲಿತ ಮೇಲೆ ಮೈಯೆಲ್ಲ ಬೂದಿ ಬಳಿದಂಥ ನೀಲಿ. ಬಣ್ಣ ನಂಬಿದರೆ ಒಂದೇ ಹುಳಕ್ಕೆ ಎರಡು ಹೆಸರು ಬರೆದಿರುತ್ತೀರಿ.

ನಾನು ಪುಸ್ತಕ ತೆಗೆಯುವ ಮೊದಲು ನೋಡುವುದು ಕೂತ ರೀತಿ. ರೆಕ್ಕೆ ಅಗಲಿಸಿ ಕೂತರೆ ಡ್ರ್ಯಾಗನ್‌ಫ್ಲೈ, ಬೆನ್ನ ಮೇಲೆ ಮಡಚಿದರೆ ಡ್ಯಾಮ್ಸೆಲ್‌ಫ್ಲೈ. ಲೆಸ್ಟೆಸ್ ಗುಂಪಿನವು ಡ್ಯಾಮ್ಸೆಲ್‌ಫ್ಲೈಗಳೇ ಆದರೂ ರೆಕ್ಕೆಯನ್ನು ಅರ್ಧ ಬಿಚ್ಚಿಟ್ಟುಕೊಳ್ಳುತ್ತವೆ, ಅಲ್ಲಿ ಎಡವದಿರಿ. ಆಮೇಲೆ ಕಣ್ಣು. ಡ್ಯಾಮ್ಸೆಲ್‌ಫ್ಲೈಯ ಕಣ್ಣುಗಳು ತಲೆಯ ಎರಡು ಬದಿಗೆ ದೂರ ದೂರ. ಡ್ರ್ಯಾಗನ್‌ಫ್ಲೈಗಳಲ್ಲಿ ಹೆಚ್ಚಿನವಕ್ಕೆ ನಡುನೆತ್ತಿಯಲ್ಲಿ ಅಂಟಿಕೊಂಡಿರುತ್ತವೆ. ದಪ್ಪ ಮೈ, ಆದರೂ ಕಣ್ಣುಗಳ ನಡುವೆ ಸಂದು ಕಂಡರೆ ಗೋಂಫಿಡೇ ಕುಟುಂಬದ ಪುಟಕ್ಕೆ ಹೋಗಿ. ಕೆರೆಯೊಳಗೆ ನಿಂತ ಒಣಕಡ್ಡಿಯ ತುದಿಯಲ್ಲಿ ಕೂತು, ಬಾಲದ ತುದಿಗೆ ಸ್ವಲ್ಪ ಮೊದಲು ಎರಡು ಬದಿಗೂ ಎಲೆಯಂಥ ಅಗಲ ಇದ್ದರೆ ಅದು ಇಕ್ಟಿನೊಗೋಂಫಸ್ ರಾಪ್ಯಾಕ್ಸ್. ಮಡಚಿದ ರೆಕ್ಕೆ, ಸಣಕಲು ಮೈ, ಆದರೆ ಉದ್ದ ಮೀಸೆ ಕಂಡಿತೋ, ಅದು ಈ ಗಣದ್ದೇ ಅಲ್ಲ. ಮರಳಲ್ಲಿ ಬುಗುರಿಯಾಕಾರದ ಗುಳಿ ತೋಡುವ ಹುಳ ಬೆಳೆದು ರೆಕ್ಕೆ ಬಂದದ್ದು. ನಮ್ಮ ಹುಳಗಳ ಮೀಸೆ ಕೂದಲೆಳೆಯಂತೆ ತೆಳು, ತೀರ ಗಿಡ್ಡ.

ಡ್ಯಾಮ್ಸೆಲ್‌ಫ್ಲೈಗಳಲ್ಲಿ ಹೆಸರು ನಿಲ್ಲುವುದು ಬಾಲದ ತುದಿಯ ಮೇಲೆ. ಬಾಲದಲ್ಲಿ 10 ಗೆಣ್ಣು. ಪುಸ್ತಕ 'ಎಂಟನೆಯದು ನೀಲಿ' ಎಂದರೆ ಎದೆಯ ಕಡೆಯಿಂದ ಎಣಿಸಬೇಡಿ, ಮೊದಲನೆಯ ಗೆಣ್ಣು ಎಷ್ಟು ಚಿಕ್ಕದೆಂದರೆ ಲೆಕ್ಕ ಅಲ್ಲೇ ತಪ್ಪುತ್ತದೆ. ತುದಿಯಿಂದ ಹಿಂದಕ್ಕೆ ಬನ್ನಿ: 10, 9, 8. ಬೆನ್ನೆಲ್ಲ ಕಪ್ಪಾಗಿ ಎಂಟನೆಯದು ಪೂರ್ತಿ ನೀಲಿಯಿದ್ದರೆ ಇಶ್ನುರಾ ಸೆನೆಗಲೆನ್ಸಿಸ್‌ನ ಗಂಡು. ಹುಲ್ಲಿನ ಬುಡದಲ್ಲಿ, ಹೆಬ್ಬೆರಳಿನ ಒಂದು ಗೆಣ್ಣಿಗಿಂತ ಅಷ್ಟೇನೂ ಉದ್ದವಿಲ್ಲದ, ಬಾಲದ ತುದಿ ಇಟ್ಟಿಗೆ ಕೆಂಪಿನದು ಸಿಕ್ಕರೆ ಆಗ್ರಿಯೊಕ್ನೆಮಿಸ್ ಪಿಗ್ಮಿಯಾ. ಬಾಲದ ಮೇಲೆ ಒಂದು ಗುರುತೂ ಇಲ್ಲದೆ ಅರಿಶಿನದಲ್ಲಿ ಅದ್ದಿ ತೆಗೆದಂತಿದ್ದರೆ ಸೆರಿಯಾಗ್ರಿಯಾನ್ ಕೊರೊಮ್ಯಾಂಡೆಲಿಯಾನಮ್. ಇಶ್ನುರಾದ ಹೆಣ್ಣು ಮಾತ್ರ ತಲೆಕೆಡಿಸುತ್ತದೆ: ಕೆಲವು ಗಂಡಿನಂತೆಯೇ ಬಣ್ಣ, ಎಳೆಯವು ಕಿತ್ತಳೆ.

ಅಳತೆಯಲ್ಲೂ ಒಂದು ಮೋಸವಿದೆ. ಎಷ್ಟೋ ಕೈಪಿಡಿಗಳು ಬಾಲದ ಉದ್ದ, ಹಿಂರೆಕ್ಕೆಯ ಉದ್ದ ಅಂತ ಬೇರೆಬೇರೆ ಕೊಡುತ್ತವೆ. 30 ಮಿ.ಮೀ. ಎಂದು ಓದಿ ಇಡೀ ಹುಳಕ್ಕೆ ಅಳತೆ ಹಿಡಿದರೆ ಯಾವುದೂ ತಾಳೆಯಾಗದು.

ಬಣ್ಣದ ಸರದಿ ಈಗ. ಕೆರೆ ಏರಿಯ ಮೇಲೆ ಕಾಣುವ ಎರಡು ಕೆಂಪುಗಳನ್ನೇ ತೆಗೆದುಕೊಳ್ಳಿ. ಕ್ರೊಕೊಥೆಮಿಸ್ ಸರ್ವಿಲಿಯಾ ರಕ್ತಗೆಂಪು, ಬಾಲದ ಬೆನ್ನಿನುದ್ದಕ್ಕೂ ತೆಳುವಾದ ಕಪ್ಪು ಗೆರೆ, ಕಾಲೂ ಕೆಂಪು. ಟ್ರಿಥೆಮಿಸ್ ಅರೋರಾ ನೇರಳೆ ಬೆರೆತ ಗುಲಾಬಿ, ಕಾಲು ಕಪ್ಪು, ರೆಕ್ಕೆಯ ನರಗಳೂ ಕೆಂಪು. ನರ ಬರಿಗಣ್ಣಿಗೆ ಸಿಗದು, ಫೋಟೊ ಬೇಕು. ಮೊಬೈಲೇ ಸಾಕು, ಆದರೆ ಮೂರು ಚಿತ್ರ: ಮೇಲಿಂದ ಒಂದು, ಎದೆಯ ಪಟ್ಟೆ ಕಾಣುವಂತೆ ಪಕ್ಕದಿಂದ ಒಂದು, ಬಾಲದ ತುದಿಯ ಕೊಂಡಿಗಳದು ಒಂದು. ಒಂದೇ ಸುಂದರ ಚಿತ್ರ ತಂದವರಿಗೆ ಹೆಸರು ಹೇಳುವುದು ಕಷ್ಟ. ನೆರಳು ಹುಳದ ಮೇಲೆ ಬೀಳದಂತೆ ಬಗ್ಗಿ ಸರಿಯಿರಿ. ಹಾರಿಹೋದರೆ ಹಿಂದೆ ಓಡಬೇಡಿ, ಹೆಚ್ಚಿನವು ಅದೇ ಕಡ್ಡಿಗೆ ಮರಳುತ್ತವೆ. ಪ್ಯಾಂಟಾಲಾ ಫ್ಲಾವೆಸೆನ್ಸ್ ಮಾತ್ರ ಹೊಲದ ಮೇಲೆ ಗುಂಪುಗುಂಪಾಗಿ ಸುತ್ತುತ್ತಲೇ ಇರುತ್ತದೆ, ಕೂತರೆ ಕೊಂಬೆಗೆ ಜೋತುಬೀಳುತ್ತದೆ. ಬಿಸಿಲು ಏರುವ ಎಂಟೂವರೆಯಿಂದ ಹನ್ನೊಂದು ಒಳ್ಳೆಯ ಹೊತ್ತು. ತಿಂಗಳೆಂದರೆ ಸೆಪ್ಟೆಂಬರಿನಿಂದ ನವೆಂಬರ್.

ಜಾಗವೂ ಅರ್ಧ ಹೆಸರು ಹೇಳುತ್ತದೆ. ಅಮಾನಿಕೆರೆಯಂಥ ಊರಂಚಿನ ಕೆರೆಗೆ ಕೊಳಚೆ ಸೇರುವ ಕಡೆ, ಕಿತ್ತಳೆ ಮಚ್ಚೆಯ ರೆಕ್ಕೆಯದು ಬ್ರಾಕಿಥೆಮಿಸ್ ಕಂಟಾಮಿನಾಟಾ. ಕೆಟ್ಟ ನೀರನ್ನೂ ತಾಳುವ ಜಾತಿ. ಕೆರೆ ಕೆಳಗಿನ ಗದ್ದೆಯಲ್ಲಿ ಕಪ್ಪು ಬಿಳಿ ರೆಕ್ಕೆಯದು ನ್ಯೂರೊಥೆಮಿಸ್ ಟುಲಿಯಾ. ದೇವರಾಯನದುರ್ಗದ ಬಂಡೆಗಳಲ್ಲಿ ಬ್ರಾಡಿನೊಪೈಗಾ ಜೆಮಿನಾಟಾ ಹುಡುಕಿ. ಕಲ್ಲಿಗೆ ಮೈ ಒತ್ತಿಕೊಂಡು ಕೂರುತ್ತದೆ, ಬೂದು ಕಪ್ಪು ಮಚ್ಚೆಗಳ ಮೈ ಥೇಟ್ ಕಲ್ಲೇ. ಮೊಟ್ಟೆ ಇಡುವುದು ಬಂಡೆಯ ದೊಣೆಗಳಲ್ಲಿ, ಹಾಗಾಗಿ ಊರೊಳಗೆ ಸಿಮೆಂಟ್ ತೊಟ್ಟಿಯಿರುವ ಮನೆಯ ಕಾಂಪೌಂಡಿನಲ್ಲೂ ಸಿಗುತ್ತದೆ. ಮೈ ಕಲ್ಲಲ್ಲಿ ಬೆರೆತು ಕಾಣದಿದ್ದರೆ ರೆಕ್ಕೆಯ ತುದಿಯ ಬಳಿಯ ಚುಕ್ಕೆ ಹುಡುಕಿ: ಅದರ ನಡು ಕಪ್ಪು, ಎರಡು ಕೊನೆ ಬಿಳಿ.

ಜಾತಿ ಗೊತ್ತಾಗದಿದ್ದರೆ ನೋಟ್‌ಬುಕ್ಕಿನಲ್ಲಿ 'ಆರ್ಥೆಟ್ರಮ್, ಹೆಣ್ಣು' ಎಂದು ಕುಲದ ಹೆಸರಷ್ಟೇ ಬರೆದು ಬಿಡುತ್ತೇನೆ, ಜೊತೆಗೆ ತಾರೀಖು, ಹೊತ್ತು, ನೀರು ನಿಂತದ್ದೋ ಹರಿಯುವುದೋ ಎಂಬುದು. ವೈಜ್ಞಾನಿಕ ಹೆಸರನ್ನೇ ಬರೆಯುವುದಕ್ಕೂ ಕಾರಣವಿದೆ: ಇಂಗ್ಲಿಷ್ ಹೆಸರು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ.

ಹೊತ್ತು ಮುಳುಗಿ ಪುಸ್ತಕ ಚೀಲಕ್ಕೆ ಹೋದ ಮೇಲೆ ನೀರಿನ ಮೇಲೆ ಎರಡು ಬಿಳಿ ಚುಕ್ಕೆ ಜೋಡಿಯಾಗಿ ಸರಿದಾಡಿದರೆ ಥೋಲಿಮಿಸ್ ಟಿಲ್ಲಾರ್ಗದ ಗಂಡು. ಬಿಳುಪು ಹಿಂರೆಕ್ಕೆಯದು. ಕತ್ತಲಲ್ಲಿ ಮೊಬೈಲು ಅದನ್ನು ಹಿಡಿಯುವುದಿಲ್ಲ, ಕಣ್ಣಲ್ಲೇ ನೋಡಬೇಕು.