ಒದ್ದೆಯಾದ ವಿಆರ್ ಹೆಡ್‌ಸೆಟ್ಟನ್ನು ಬಿಸಿಲಿಗೆ ಇಡಬೇಡಿ

ಮಳೆಗಾಲ ಮುಗಿದು ಬಿಸಿಲು ಬಿದ್ದ ಮೊದಲ ದಿನಗಳಲ್ಲಿ ಕಾರವಾರದಿಂದ ಶಿರಸಿಯವರೆಗೆ ಮನೆಮನೆಯ ಅಂಗಳದಲ್ಲಿ ಹಾಸಿಗೆ, ಕಂಬಳಿ, ಪುಸ್ತಕಗಳೆಲ್ಲ ಒಣಗುತ್ತಿರುತ್ತವೆ. ಮುಗ್ಗು ಹಿಡಿದದ್ದನ್ನು ಬಿಸಿಲಿಗೆ ಹಾಕುವುದು ನಮ್ಮ ಕಡೆಯ ಒಳ್ಳೆಯ ರೂಢಿಯೇ ಆದರೂ, ಕಣ್ಣಿಗೆ ಕಟ್ಟಿಕೊಂಡು ಕೃತಕ ದೃಶ್ಯಲೋಕವನ್ನು ನೋಡುವ, ಬೆವರಿನಿಂದ ಒದ್ದೆಯಾದ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ಟನ್ನು ಅದೇ ಸಾಲಿನಲ್ಲಿ ಇಟ್ಟರೆ ಅದರ ಪರದೆ ಕೆಲವೊಮ್ಮೆ ಒಂದು ನಿಮಿಷ ತುಂಬುವ ಮೊದಲೇ ಸುಟ್ಟುಹೋಗಬಹುದು.

ಹೆಡ್‌ಸೆಟ್ಟಿನ ಎರಡು ಮಸೂರಗಳೂ ಭೂತಗನ್ನಡಿಯಂತೆ ಕೆಲಸ ಮಾಡುತ್ತವೆ. ಕಣ್ಣಿಗೆ ಅಷ್ಟು ಸಮೀಪವಿರುವ ಪರದೆ ದೂರದ ದೃಶ್ಯದಂತೆ ಕಾಣಲೆಂದು ಅದನ್ನು ಮಸೂರದ ನಾಭಿಯ, ಅಂದರೆ ದೂರದಿಂದ ಬಂದ ಕಿರಣಗಳು ಒಂದೆಡೆ ಕೂಡುವ ಬಿಂದುವಿನ, ಹತ್ತಿರವೇ ಕೂರಿಸಿರುತ್ತಾರೆ. ಆದ್ದರಿಂದ ಹೊರಗಿನಿಂದ ಮಸೂರದ ಮೇಲೆ ಬಿದ್ದ ಸೂರ್ಯಕಿರಣಗಳೂ ಆ ಪರದೆಯ ಮೇಲೆಯೇ ಬಿಂದುವಾಗಿ ಕೂಡುತ್ತವೆ. ಸೂರ್ಯ ಗಂಟೆಗೆ 15 ಡಿಗ್ರಿಯಂತೆ ಸರಿಯುವುದರಿಂದ ಆ ಬಿಂದುವೂ ಸರಿದು, ಚುಕ್ಕೆಯಲ್ಲದೆ ಗೆರೆಯೂ ಮೂಡಬಹುದು. ಹೆಡ್‌ಸೆಟ್ ಆಫ್ ಆಗಿದ್ದರೂ ಇದು ತಪ್ಪುವುದಿಲ್ಲ.

ಹಾಗಾದರೆ ಒಣಗಿಸುವುದು ಹೇಗೆ? ಮುಖಕ್ಕೆ ತಾಗುವ ಪ್ಯಾಡನ್ನು ಮೊದಲು ಬಿಚ್ಚಿ ಪ್ರತ್ಯೇಕವಾಗಿ ನೆರಳಿನಲ್ಲಿ ಒಣಗಿಸಬೇಕು. ಹೆಡ್‌ಸೆಟ್ಟನ್ನು ಕಿಟಕಿಯಿಂದ ದೂರದ ಕೋಣೆಯಲ್ಲಿ ಫ್ಯಾನಿನ ಗಾಳಿಗೆ ಇಟ್ಟು, ಮಸೂರಗಳನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಆರಿದ ಮೇಲೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳವಿರುವ ಪೆಟ್ಟಿಗೆಯಲ್ಲಿಡಬೇಕು. ಕರಾವಳಿಯ ತೇವಕ್ಕೆ ಮಸೂರದ ಮೇಲೆ ಬೂಷ್ಟು ಹಿಡಿಯದಿರಲು ಇದೇ ಒಳ್ಳೆಯ ದಾರಿ.

ಇಡುವ ಜಾಗವನ್ನು ಒಂದೇ ದಿನ ನೋಡಿ ನಿರ್ಧರಿಸಬಾರದು. ಕಡಲಿಗೆ ಮುಖ ಮಾಡಿದ ಮನೆಗಳಲ್ಲಿ ಸಂಜೆಯ ಸೂರ್ಯ ತಗ್ಗಿ, ಪಶ್ಚಿಮದ ಕಿಟಕಿಯಿಂದ ಕೋಣೆಯ ಒಳಗೋಡೆಯವರೆಗೂ ಬೆಳಕು ಚೆಲ್ಲುತ್ತಾನೆ. ಕಾರವಾರ ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಡಿಸೆಂಬರಿನಲ್ಲಿ ನಡುಹಗಲಿನ ಸೂರ್ಯನೂ ದಕ್ಷಿಣಕ್ಕೆ ವಾಲಿ ಸುಮಾರು 52 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆಗಸ್ಟಿನಲ್ಲಿ ನೆರಳಿದ್ದ ಮೇಜಿನ ಮೇಲೆ ಆಗ ದಕ್ಷಿಣದ ಕಿಟಕಿಯ ಬಿಸಿಲು ಬೀಳಬಹುದು. ಕನ್ನಡಿಯಿಂದ ಪ್ರತಿಫಲಿಸಿದ ಬಿಸಿಲೂ ಅಪಾಯಕಾರಿಯೇ. ಬಾಗಿಲಿರುವ ಕಪಾಟೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವಾಗ ಹೆಡ್‌ಸೆಟ್ ಪೆಟ್ಟಿಗೆಯೊಳಗೇ ಇರಲಿ. ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಕಾವಿಗೆ ಲಿಥಿಯಂ ಬ್ಯಾಟರಿಯೂ ಹಾಳಾಗುತ್ತದೆ.

ಈಗಾಗಲೇ ಬಿಸಿಲು ಬಿದ್ದಿದ್ದರೆ ಬಿಳಿಯ ಚಿತ್ರವೊಂದನ್ನು ತೆರೆದು, ಒಂದೊಂದೇ ಕಣ್ಣಿನಿಂದ ಪರೀಕ್ಷಿಸಿರಿ. ಮಸೂರ ಒರೆಸಿದರೂ ಹೋಗದ, ತಲೆ ತಿರುಗಿಸಿದಾಗ ದೃಷ್ಟಿಯೊಂದಿಗೇ ಸಾಗುವ ಹಳದಿ ಅಥವಾ ಕಪ್ಪು ಕಲೆ ಕಂಡರೆ ಸುಟ್ಟಿರುವುದು ಪರದೆಯೇ ಆಗಿರುವ ಸಂಭವ ಹೆಚ್ಚು. ಅದಕ್ಕೆ ಪರದೆಯನ್ನು ಬದಲಿಸುವುದೊಂದೇ ಉಪಾಯ; ಇಂಥ ಹಾನಿ ಸಾಮಾನ್ಯವಾಗಿ ವಾರಂಟಿಯೊಳಗೆ ಬರುವುದಿಲ್ಲ.