ದೊಡ್ಡಪ್ಪನೂ ಹೌದು, ಅಜ್ಜಿಯ ತಮ್ಮನೂ ಹೌದು: ಆ್ಯಂಟಿಬಾಡಿ ಕೊರತೆಗೆ ವಂಶವೃಕ್ಷ ಬರೆಯುವಾಗ

ಆರು ತಿಂಗಳು ದಾಟಿದ ಗಂಡು ಮಗು, ಮೇಲಿಂದ ಮೇಲೆ ನ್ಯುಮೋನಿಯಾ, ಕಿವಿ ಸೋರುವುದು. ಕಲಬುರಗಿಯಲ್ಲಿ ಇಂಥ ಮಗು ಬಂದರೆ ನಾನು ಮೊದಲು ಗಂಟಲು ನೋಡುತ್ತೇನೆ. ಟಾನ್ಸಿಲ್ ಇಲ್ಲವೇ ಇಲ್ಲ ಎನ್ನುವಂತಿದ್ದರೆ ಬ್ರೂಟನ್ ಕಾಯಿಲೆಯ ಶಂಕೆ: ಸೋಂಕಿನ ವಿರುದ್ಧ ಹೋರಾಡುವ ಆ್ಯಂಟಿಬಾಡಿ ತಯಾರಿಸುವ ಬಿ ಕೋಶಗಳೇ ಬೆಳೆಯದ ಹುಟ್ಟು ಕಾಯಿಲೆ ಅದು. ಹಳೆಯ ಲಿವರ್ ರಿಪೋರ್ಟ್ ಇದ್ದರೆ ಒಟ್ಟು ಪ್ರೋಟೀನಿನಲ್ಲಿ ಆಲ್ಬುಮಿನ್ ಕಳೆಯುತ್ತೇನೆ. ಉಳಿದದ್ದು ಗ್ಲೋಬ್ಯುಲಿನ್, ಆ್ಯಂಟಿಬಾಡಿಗಳು ಇರುವುದು ಅದರಲ್ಲೇ. ಅದು ಡೆಸಿಲೀಟರಿಗೆ 2 ಗ್ರಾಂ ಒಳಗಿದ್ದರೆ ಐಜಿಜಿ, ಐಜಿಎ, ಐಜಿಎಂ ಎಂಬ ಆ್ಯಂಟಿಬಾಡಿಗಳ ಪರೀಕ್ಷೆ ಬರೆದುಕೊಡುತ್ತೇನೆ. ಪುಕ್ಕಟೆ ಲೆಕ್ಕ, ಆದರೂ ಮಾಡುವವರು ಕಡಿಮೆ.

ಆಮೇಲೆ ವಂಶವೃಕ್ಷ. "ಮನ್ಯಾಗ ಯಾರಿಗರೆ ಈ ಜಡ್ಡು ಇತ್ತೇನ್ರಿ?" ಅಂದರೆ "ಇಲ್ರಿ" ಎಂದೇ ಉತ್ತರ. "ನಿಮ್ಮವ್ವಗ ಮಕ್ಕಳೆಷ್ಟು ಆದ್ವು, ಎಷ್ಟು ಉಳಿದ್ವು?" ಅಂತ ಕೇಳಿದಾಗ ಲೆಕ್ಕ ಹೊರಬೀಳುತ್ತದೆ.

ಎಡವುವುದು ಸೋದರಮಾವನ ಜೊತೆಗಿನ ಮದುವೆಯಲ್ಲಿ. ಬ್ರೂಟನ್ ಕಾಯಿಲೆಗೆ ಕಾರಣ ಬಿಟಿಕೆ ಜೀನಿನ ದೋಷ. ಆ ಜೀನ್ ಎಕ್ಸ್ ಕ್ರೋಮೋಸೋಮಿನದು, ತಂದೆಯಿಂದ ಮಗನಿಗೆ ಬರುವಂಥದ್ದಲ್ಲ. ಹಾಗಾಗಿ "ದೊಡ್ಡಪ್ಪ ಕೂಸಿದ್ದಾಗಲೇ ತೀರಿಕೊಂಡ" ಎಂದರೆ ತಂದೆಯ ಕಡೆಯದು ಎಂದು ಬಿಟ್ಟುಬಿಡುತ್ತಾರೆ. ಆದರೆ ಸೋದರಮಾವನನ್ನೇ ಮದುವೆಯಾದ ಮನೆಯಲ್ಲಿ ಆ ದೊಡ್ಡಪ್ಪ ತಾಯಿಗೂ ಸೋದರಮಾವ! ತಂದೆಯನ್ನು ಹೆತ್ತವಳೇ ತಾಯಿಯ ಅಜ್ಜಿ. ದೋಷ ಅವಳಿಂದ ಮಗಳಿಗೆ, ಮೊಮ್ಮಗಳಿಗೆ, ಈ ಮಗುವಿಗೆ ಇಳಿದಿರಬಹುದು. ಅದಕ್ಕೇ ಒಬ್ಬ ವ್ಯಕ್ತಿಗೆ ಒಂದೇ ಗುರುತು ಹಾಕಿ ಎರಡೂ ಗೆರೆ ಅಲ್ಲಿಗೇ ಎಳೆಯುತ್ತೇನೆ. ಹೆಣ್ಣು ಮಗುವಿಗೂ ಇದೇ ತೊಂದರೆ ಇದ್ದರೆ ಮಾತು ಬೇರೆ: ತಂದೆ ತಾಯಿ ಇಬ್ಬರಿಂದಲೂ ಬರುವ ರಿಸೆಸಿವ್ ದೋಷ ಹುಡುಕಬೇಕು.

ಸ್ಯಾಂಪಲ್ ಕೆಡುವುದು ದಾರಿಯಲ್ಲಿ. ಸಿಡಿ19 (ಬಿ ಕೋಶಗಳ ಗುರುತು) ಎಣಿಸಲು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ 2–3 ಮಿಲೀ ರಕ್ತ, 24 ಗಂಟೆಯೊಳಗೆ ಲ್ಯಾಬ್ ಸೇರಬೇಕು. ಐಸ್ ತಾಗಿದರೂ ಜೀವಕೋಶ ಸಾಯುತ್ತವೆ, ನಮ್ಮ ಮೇ ತಿಂಗಳ ಬಿಸಿಲಿಗೂ ಸಾಯುತ್ತವೆ. ಥರ್ಮಾಕೋಲ್ ಡಬ್ಬಿಯಲ್ಲಿ ಜೆಲ್ ಪ್ಯಾಕ್ ಕೆಳಗೆ, ನಡುವೆ ಮಡಿಸಿದ ಪೇಪರು, ಮೇಲೆ ಟ್ಯೂಬು. ಶನಿವಾರ ಕಳಿಸುವುದೇ ಇಲ್ಲ. ಐಜಿಜಿ ಮಟ್ಟಕ್ಕೆ ರಕ್ತ ತೆಗೆಯುವುದು ಐವಿಐಜಿ (ದಾನಿಗಳ ರಕ್ತದಿಂದ ತೆಗೆದು ನಾಳಕ್ಕೆ ಕೊಡುವ ಆ್ಯಂಟಿಬಾಡಿ) ಹಾಕುವ ಮೊದಲೇ; ಹಾಕಿದ ಮೇಲೆ ಅಳೆದರೆ ದಾನಿಗಳ ಐಜಿಜಿಯನ್ನೇ ಅಳೆದಂತೆ.

ಜೀನ್ ರಿಪೋರ್ಟಿನಲ್ಲಿ ಟಿಎನ್‌ಎಫ್‌ಆರ್‌ಎಸ್‌ಎಫ್13ಬಿ ಎಂಬ ಜೀನಿನ ಬದಲಾವಣೆ ಬಂದರೆ ನಾನು ಅವಸರ ಮಾಡುವುದಿಲ್ಲ. ಅದು ಆರೋಗ್ಯವಂತರಲ್ಲೂ ಸಿಗುತ್ತದೆ. ಸಿವಿಐಡಿ ಎಂಬ ಇನ್ನೊಂದು ಆ್ಯಂಟಿಬಾಡಿ ಕೊರತೆಗೆ ಒಲವು ಹೆಚ್ಚಿಸುತ್ತದೆ, ಅಷ್ಟೇ. ಬಿಟಿಕೆಯದು ಹಾಗಲ್ಲ. ತಾಯಿ ವಾಹಕಳಾಗಿದ್ದರೆ ಪ್ರತಿ ಗಂಡು ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ತಾಯಿಯ ರಕ್ತದಲ್ಲಿ ದೋಷ ಸಿಗದಿದ್ದರೂ ಅಂಡಾಣುಗಳಲ್ಲಿ ಇರಬಹುದು. ಆದ್ದರಿಂದ ಮುಂದಿನ ಹೆರಿಗೆಯಲ್ಲಿ ಗಂಡು ಮಗುವಾದರೆ ಹೊಕ್ಕುಳಬಳ್ಳಿಯ ರಕ್ತದಲ್ಲೇ ಸಿಡಿ19 ನೋಡಿಸುತ್ತೇನೆ. ಐಜಿಜಿ ಅಲ್ಲ, ಆಗ ಮಗುವಿನಲ್ಲಿರುವುದು ತಾಯಿಯದು. ಫಲಿತಾಂಶ ಬರುವವರೆಗೆ, ಜೀವಂತ ವೈರಸ್ ಇರುವ ಪೋಲಿಯೊ ಹನಿ ಹಾಕಬೇಡಿ ಎಂದು ಹೆರಿಗೆ ಕಾರ್ಡಿನ ಮೇಲೇ ಕೆಂಪು ಶಾಯಿಯಲ್ಲಿ ಬರೆದುಕೊಡುತ್ತೇನೆ.