ಹಾಲಿನ ಡೈರಿಯ ವಹಿಯಲ್ಲಿ ಸಿಕ್ಕ ಲೆಕ್ಕ

ವಿಜಯಪುರ ಜಿಲ್ಲೆಯ ಡೋಣಿ ನದಿ ಸಾಲಿನ ಊರೊಂದರ ರಸ್ತೆಗೆ ಅಂದಾಜು ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ ಬೇಡಿಕೆ ಒಂದೇ ಇತ್ತು: ಎರಡು ಕಿಲೋಮೀಟರ್ ಡಾಂಬರು. ಮಂಜೂರಾದ ಹಣವೂ ಅಷ್ಟಕ್ಕೇ ಸರಿಹೋಗುತ್ತಿತ್ತು. ಎಸ್‌ಆರ್, ಅಂದರೆ ಇಲಾಖೆಯ ದರಪಟ್ಟಿಯ ದರ ಹಾಕಿ ಮೂರು ದಿನದಲ್ಲಿ ಪಟ್ಟಿ ಮುಗಿಸಬಹುದಿತ್ತು.

ಆದರೆ ಆ ರಸ್ತೆಗೆ ಅದು ಮೂರನೆಯ ಡಾಂಬರು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ನೆನೆದಾಗ ಅದರ ಸಿಬಿಆರ್, ಅಂದರೆ ಭಾರ ತಾಳುವ ಶಕ್ತಿಯ ಅಳತೆ, ಶೇಕಡಾ 2–3ಕ್ಕೆ ಇಳಿಯುತ್ತದೆ. ಕೆಳಗೆ ದಪ್ಪನಾಗಿ ಗರಸು ಹಾಕದೆ ಮೇಲೆ ಎಷ್ಟು ಡಾಂಬರು ಬಳಿದರೂ ನಿಲ್ಲುವುದಿಲ್ಲ. ಇನ್ನು ನಡುವಿನ ಹಳ್ಳಕ್ಕೆ ಇದ್ದದ್ದು ಎರಡು ಪೈಪಿನ ಮೋರಿ. ಜಾಲಿಕಂಟಿ, ಕಣಿಕೆ ಕೊಚ್ಚಿಕೊಂಡು ಬಂದು ಪೈಪಿನ ಬಾಯಿ ಕಟ್ಟಿದರೆ ನೀರು ರಸ್ತೆಯ ಮೇಲೆಯೇ ಹರಿಯುತ್ತಿತ್ತು.

ವರ್ಷಕ್ಕೆ ಎಷ್ಟು ದಿನ ದಾರಿ ಬಂದಾಗುತ್ತದೆ ಎಂದು ಕೇಳಿದೆ. ಒಬ್ಬರು ಎಂಟು ದಿನ ಎಂದರು, ಇನ್ನೊಬ್ಬರು ಎರಡು ತಿಂಗಳು ಎಂದರು. ನಮ್ಮ ತಿಂಗಳ ವರದಿಯಲ್ಲಿ ಇದಕ್ಕೆ ಅಂಕಣವೇ ಇಲ್ಲ; ಭೌತಿಕ ಪ್ರಗತಿ, ಆರ್ಥಿಕ ಪ್ರಗತಿ, ಎರಡೇ. ಅಳತೆ ಪುಸ್ತಕಕ್ಕೆ ಕಾಂಕ್ರೀಟಿನ ಘನ ಮೀಟರ್ ಗೊತ್ತು, ಅದರ ಮೇಲೆ ಯಾರು ದಾಟಿದರು ಎಂಬುದು ಗೊತ್ತಿಲ್ಲ.

ಉತ್ತರ ಸಿಕ್ಕಿದ್ದು ಊರಿನ ಹಾಲಿನ ಡೈರಿಯಲ್ಲಿ. ಹಳ್ಳದ ಆಚೆಯ ತೋಟದ ವಸ್ತಿಯಿಂದ ಹನ್ನೊಂದು ಮನೆಯವರು ದಿನವೂ ಹಾಲು ತಂದು ಹಾಕುತ್ತಿದ್ದರು. ವಹಿ ತೆರೆದರೆ ಕೆಲವು ದಿನ ಆ ಹನ್ನೊಂದೂ ಹೆಸರಿನ ಮುಂದೆ ಒಟ್ಟಿಗೇ ಗೆರೆ. ಅಂದು ಹಳ್ಳ ಬಂದಿತ್ತು. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆರಳಿಟ್ಟು ಎಣಿಸಿದೆ: 19 ದಿನ. ಶಾಲೆಯ ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿದೆ. ಶಾಲೆ ನಡೆದ ದಿನಗಳಲ್ಲಿ ವಸ್ತಿಯ ಮಕ್ಕಳೂ ಅದೇ ತಾರೀಖಿಗೆ ಗೈರು. ಸುತ್ತುದಾರಿ 14 ಕಿಲೋಮೀಟರ್. ಅಷ್ಟು ಸುತ್ತಿ ಬರುವಷ್ಟರಲ್ಲಿ ಹಾಲು ಒಡೆಯುತ್ತದೆ.

ಈ ಲೆಕ್ಕ ಹಿಡಿದು ಮೇಲಧಿಕಾರಿಗಳ ಮುಂದೆ ಕುಳಿತೆ. ಡಾಂಬರು ಬಿಟ್ಟು, ಆ ಹಣದಲ್ಲಿ ಎತ್ತರದ ಬಾಕ್ಸ್ ಮೋರಿ ಕಟ್ಟಿ ಉಳಿದ ದಾರಿಗೆ ಗರಸು ಹಾಕೋಣ ಎಂದೆ. ಟೆಂಡರಿನಲ್ಲಿ ಕಡಿಮೆ ದರದವರಿಗೆ ಕೆಲಸ ಕೊಡುವುದು ಸರಿಯೇ. ಆದರೆ ನಮಗೆ ಬೇಕಾದದ್ದು ಏನು ಎಂಬುದು ಅದಕ್ಕೆ ಮುಂಚೆಯೇ ತೀರ್ಮಾನವಾಗಿರಬೇಕು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ವಂತಿಗೆ ಹಾಕಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರು. ಬೇಸಿಗೆಯಲ್ಲಿ ಹೊಲಕ್ಕೆ ನೀರು ಬೇಕು ಎಂಬುದು ಅವರಿಗೆ ಮೊದಲ ಕಲ್ಲು ಇಡುವ ಮುಂಚೆಯೇ ಸ್ಪಷ್ಟವಿತ್ತು. ಸರ್ಕಾರದ ಹಣದಲ್ಲಿ ಕಟ್ಟುವ ನಾವು ಆ ಪ್ರಶ್ನೆ ಕೇಳುವುದನ್ನೇ ಮರೆಯುತ್ತೇವೆ. ಅದು ನನ್ನನ್ನು ಇಂದಿಗೂ ಕಾಡುತ್ತದೆ.

ಪ್ರಸ್ತಾವ ಒಪ್ಪಿಗೆಯಾಯಿತು, ಕೆಲಸ ಮುಗಿಯಿತು. "ಡಾಂಬರು ಎಲ್ಲಿ ಸಾಹೇಬರೇ?" ಎಂದು ಊರಿನ ಹಿರಿಯರೊಬ್ಬರು ಕೇಳಿದರು. ರಸ್ತೆ ಪಕ್ಕದ ತೊಗರಿಯ ಎಲೆಗಳ ಮೇಲೆ ಕೆಂಪು ಧೂಳು ಕುಳಿತಿದ್ದುದನ್ನು ತೋರಿಸಿದರು. ಆ ನಷ್ಟವನ್ನು ನಾನು ಅಳೆದೇ ಇರಲಿಲ್ಲ. ಅದು ನನ್ನ ತಪ್ಪು. ಆಮೇಲಿನ ಪಟ್ಟಿಗಳಲ್ಲಿ ಹೊಲದಂಚಿನ ಬೆಳೆಯನ್ನೂ ನೋಡಿಯೇ ಮುಂದುವರಿದೆ.

ಮುಂದಿನ ಮಳೆಗಾಲ ಮುಗಿದ ಮೇಲೆ ಮತ್ತೆ ಡೈರಿಗೆ ಹೋದೆ. ಎರಡೂ ವರ್ಷದ ಮಳೆ ಹೆಚ್ಚುಕಡಿಮೆ ಒಂದೇ ಇತ್ತೆಂದು ಮಳೆಮಾಪಕದ ಲೆಕ್ಕದಲ್ಲಿ ಮೊದಲೇ ನೋಡಿಕೊಂಡಿದ್ದೆ. ಹನ್ನೊಂದೂ ಹೆಸರಿನ ಮುಂದೆ ಗೆರೆ ಇದ್ದದ್ದು ಮೂರು ದಿನ. ನಾನು ವಹಿ ಎಣಿಸುವುದನ್ನು ಕಂಡಿದ್ದ ಹುಡುಗ ಈ ಸಲ ಪಕ್ಕದಲ್ಲಿ ಕಾರಣವನ್ನೂ ಬರೆದಿಟ್ಟಿದ್ದ: ಎರಡಕ್ಕೆ 'ಹಳ್ಳ', ಒಂದಕ್ಕೆ 'ಪಂಚಮಿ'. ಹಿಂದಿನ ವರ್ಷದ ಲೆಕ್ಕ ತೆಗೆದು ಹಬ್ಬದ ತಾರೀಖು ಹುಡುಕಿದೆ. ಅದೂ ಅದರಲ್ಲಿ ಸೇರಿತ್ತು. 19 ಹೊಡೆದು 18 ಎಂದು ತಿದ್ದಿದೆ.